ಜಾನ್ ದೊರೆಯ ವಿರುದ್ಧ ಸರದಾರರು ಎದ್ದದ್ದು ಬಾಕಿಯ ಬಾಧೆಗೆ

ಮಾನ್ಯ ಸಂಪಾದಕರೇ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಕಳೆದ ವಾರ ಮ್ಯಾಗ್ನಾ ಕಾರ್ಟಾ ಎಂಬ ಸನದಿನ (ದೊರೆ ಸರದಾರರಿಗೆ ಬರೆದುಕೊಟ್ಟ ಹಕ್ಕುಪತ್ರದ) ಕುರಿತು ಬಂದ ಲೇಖನ ಓದಿದೆ. ಇಂಗ್ಲೆಂಡಿನ ಜಾನ್ ದೊರೆ ಕ್ರೂರಿಯಾಗಿದ್ದ, ಪ್ರಜೆಗಳ ಹಕ್ಕಿಗಾಗಿ ಸರದಾರರು ಸೆಟೆದು ನಿಂತರು, 1215ರಲ್ಲಿ ಪ್ರಜಾಪ್ರಭುತ್ವ ಹುಟ್ಟಿತು ಎಂಬಷ್ಟಕ್ಕೆ ಕಥೆ ಮುಗಿದಿದೆ. ಬಹುಕಾಲ ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವ ಮಕ್ಕಳು ಇದನ್ನೇ ಬಾಯಿಪಾಠ ಮಾಡುತ್ತಿರುವುದು ನೋಡಿದರೆ ಸಂಕಟವಾಗುತ್ತದೆ. ಜಾನ್ ಕ್ರೂರಿ ಎನ್ನುವುದರಲ್ಲಿ ಸುಳ್ಳಿಲ್ಲ. ಆದರೆ ಕ್ರೌರ್ಯವೊಂದಕ್ಕೇ ದಂಗೆಯಾಗುವುದಿದ್ದರೆ ಆ ಕಾಲದಲ್ಲಿ ಎಷ್ಟು ದೊರೆಗಳ ಪಟ್ಟ ಉಳಿಯುತ್ತಿತ್ತು? ಅವನ ಮೇಲೆ ಕತ್ತಿ ಹಿರಿದ ಸರದಾರರಲ್ಲಿ ಬಹಳಷ್ಟು ಮಂದಿ ಅವನ ಬೊಕ್ಕಸಕ್ಕೆ ತೀರಿಸಲಾಗದಷ್ಟು ಬಾಕಿ ಉಳಿಸಿಕೊಂಡಿದ್ದವರು. ದಂಗೆಯ ಬೇರು ಇರುವುದು ಅಲ್ಲಿ.

1199ರಲ್ಲಿ ಅಣ್ಣ ರಿಚರ್ಡ್ ಸತ್ತು ಜಾನ್ ಪಟ್ಟವೇರಿದಾಗ ಇಂಗ್ಲೆಂಡಿನ ಜೊತೆಗೆ ಕಡಲಾಚೆ ಈಗಿನ ಫ್ರಾನ್ಸಿನಲ್ಲಿರುವ ನಾರ್ಮಂಡಿ, ಆಂಜೂ, ಅಕ್ವಿಟೇನ್ ಸೀಮೆಗಳೂ ಅವನ ಕೈಯಲ್ಲಿದ್ದವು. ಐದೇ ವರ್ಷದಲ್ಲಿ, 1204ರಲ್ಲಿ, ಫ್ರಾನ್ಸಿನ ಎರಡನೇ ಫಿಲಿಪ್ ನಾರ್ಮಂಡಿಯನ್ನು ಕಸಿದುಕೊಂಡ. ಕಡಲಿನ ಎರಡೂ ದಡದಲ್ಲಿ ಜಹಗೀರು ಇದ್ದ ಮನೆತನಗಳು ಒಂದು ಕಡೆಯದನ್ನು ಕಳೆದುಕೊಂಡವು. ಅಲ್ಲಿಯವರೆಗೆ ಹೆಚ್ಚು ಕಾಲ ಆಚೆ ದಡದಲ್ಲೇ ಇರುತ್ತಿದ್ದ ದೊರೆ ಈಗ ಇಂಗ್ಲೆಂಡಿನಲ್ಲೇ ತಳವೂರಿದ, ಊರೂರು ತಿರುಗಿ ಲೆಕ್ಕ ಕೇಳತೊಡಗಿದ. ಕಳೆದುಕೊಂಡ ಸೀಮೆಯನ್ನು ಮತ್ತೆ ಗೆಲ್ಲಬೇಕೆಂಬ ಛಲ ಅವನಿಗೆ ಹತ್ತು ವರ್ಷ ಬಿಡಲಿಲ್ಲ. ಅದಕ್ಕೆ ಹಣ ಬೇಕಿತ್ತು.

ಹಣ ಬಂದ ದಾರಿಗಳನ್ನು ಮಕ್ಕಳಿಗೆ ಬಿಡಿಸಿ ಹೇಳಲೇಬೇಕು. ಯುದ್ಧಕ್ಕೆ ಬಾರದ ಸರದಾರ ಅದರ ಬದಲು ತೆರುತ್ತಿದ್ದ ಹಣಕ್ಕೆ ‘ಸ್ಕೂಟೇಜ್’ ಎಂದು ಹೆಸರು. ಜಾನನ ಅಪ್ಪ ಎರಡನೇ ಹೆನ್ರಿ ತನ್ನ 35 ವರ್ಷದ ಆಳ್ವಿಕೆಯಲ್ಲಿ ಇದನ್ನು ಆಗೊಮ್ಮೆ ಈಗೊಮ್ಮೆ ಎತ್ತಿದ್ದ. ಜಾನ್ 17 ವರ್ಷದಲ್ಲಿ 11 ಸಲ ಎತ್ತಿದ, ದರವನ್ನೂ ಏರಿಸಿದ. ಅದಕ್ಕಿಂತ ಭಾರವಾದದ್ದು ವಾರಸುದಾರಿಕೆಯ ಕಾಣಿಕೆ. ಜಹಗೀರುದಾರ ಸತ್ತರೆ ವಾರಸುದಾರ ದೊರೆಗೆ ಹಣ ಕಟ್ಟಿಯೇ ಭೂಮಿ ವಹಿಸಿಕೊಳ್ಳಬೇಕು. ದೊಡ್ಡ ಜಹಗೀರಿಗೆ 100 ಪೌಂಡು ಎನ್ನುವುದು ರೂಢಿಯಾಗಿತ್ತೇ ಹೊರತು ಕಟ್ಟುನಿಟ್ಟಾದ ಕಾಯಿದೆ ಆಗಿರಲಿಲ್ಲ. 1205ರಲ್ಲಿ ನಿಕೋಲಸ್ ಡಿ ಸ್ಟಟ್‌ವಿಲ್ ಎಂಬ ಉತ್ತರದ ಸರದಾರನಿಗೆ ಜಾನ್ ಹೇರಿದ್ದು 10,000 ಮಾರ್ಕ್. ಒಂದು ಮಾರ್ಕ್ ಎಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಅಂದರೆ 6,600 ಪೌಂಡಿಗೂ ಮಿಗಿಲು. ತೀರಿಸುವ ತನಕ ಅವನ ನೇರ್ಸ್‌ಬರೋ ಕೋಟೆ ದೊರೆಯ ವಶ.

1214ರಲ್ಲಿ ಜೆಫ್ರಿ ಡಿ ಮ್ಯಾಂಡೆವಿಲ್‌ಗೆ, ತಾನು ಬಿಟ್ಟ ಹೆಂಡತಿ ಗ್ಲಾಸ್ಟರ್‌ನ ಇಸಬೆಲ್ಲಾಳನ್ನು ಜಾನ್ ಮದುವೆ ಮಾಡಿಕೊಟ್ಟ. ಅದಕ್ಕೆ ಕಟ್ಟಿದ ಬೆಲೆ 20,000 ಮಾರ್ಕ್, ಅದೂ ವರ್ಷದೊಳಗೆ. ಆ ಹೆಣ್ಣುಮಗಳ ಮನಸ್ಸು ಏನಿತ್ತೆಂದು ಕೇಳಿದವರಿಲ್ಲ. ವಿಧವೆಯರ ಸ್ಥಿತಿಯೂ ಅಷ್ಟೇ: ದೊರೆ ಹೇಳಿದವನನ್ನು ಕಟ್ಟಿಕೊಳ್ಳಬೇಕು, ಒಲ್ಲೆ ಎಂದರೆ ದಂಡ ತೆರಬೇಕು. ಮರುವರ್ಷ ದಂಗೆಯೆದ್ದವರಲ್ಲಿ ಸ್ಟಟ್‌ವಿಲ್ ಇದ್ದ. ಸನದಿನ ಕಾವಲಿಗೆ ನೇಮಕವಾದ 25 ಮಂದಿಯಲ್ಲಿ ಮ್ಯಾಂಡೆವಿಲ್ ಇದ್ದ.

ಈ ಬಾಕಿಗಳೆಲ್ಲ ಬೊಕ್ಕಸದ ಕಚೇರಿಯಲ್ಲಿ ದಾಖಲಾಗುತ್ತಿದ್ದವು. ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜಿನ ಮೇಲೆ ಚದುರಂಗದ ಹಾಸಿನಂತೆ ಗೆರೆ ಎಳೆದ ಬಟ್ಟೆ. ಅದರ ಮನೆಗಳಲ್ಲಿ ಬಿಲ್ಲೆಗಳನ್ನಿಟ್ಟು ಕೂಡಿ ಕಳೆಯುತ್ತಿದ್ದರು. ಕಟ್ಟಿದ ಹಣಕ್ಕೆ ಗುರುತಾಗಿ ಕಚ್ಚು ಹಾಕಿದ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಸೀಳು ಕಟ್ಟಿದವನಿಗೆ, ಇನ್ನೊಂದು ಕಚೇರಿಗೆ. ಉಳಿದ ಬಾಕಿ ತೊಗಲಿನ ಸುರುಳಿಗಳಲ್ಲಿ ವರ್ಷದಿಂದ ವರ್ಷಕ್ಕೆ ಅಪ್ಪನ ಹೆಸರಿನಿಂದ ಮಗನ ಹೆಸರಿಗೆ ಇಳಿಯುತ್ತಿತ್ತು. ದೊರೆಗೆ ಬೇಕಾದವನಾಗಿದ್ದರೆ ವಸೂಲಿಯ ಮಾತೇ ಇಲ್ಲ, ಬೇಡವಾದ ದಿನ ಪೂರ್ತಿ ಬಾಕಿ ಒಂದೇ ಕಂತಿನಲ್ಲಿ ಕಟ್ಟಬೇಕು. ಸರದಾರರನ್ನು ಅಂಕೆಯಲ್ಲಿಡಲು ಜಾನ್ ಸಾಲವನ್ನೇ ಲಗಾಮು ಮಾಡಿಕೊಂಡಿದ್ದ.

ವಿಲಿಯಂ ಡಿ ಬ್ರಯೋಸ್‌ನ ಮನೆತನಕ್ಕೆ ಆದದ್ದನ್ನು ಓದಿದರೆ ಇದರ ಭೀಕರತೆ ತಿಳಿಯುತ್ತದೆ. ಅವನು ಜಾನನ ಪರಮಾಪ್ತ. ಐರ್ಲೆಂಡಿನ ಲಿಮರಿಕ್ ಸೀಮೆಗಾಗಿ 5,000 ಮಾರ್ಕ್ ಕೊಡಲು ಒಪ್ಪಿದ್ದ, ಕಟ್ಟಿದ್ದು ಅದರಲ್ಲಿ ಚೂರುಪಾರು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ. 1208ರ ಹೊತ್ತಿಗೆ ಸ್ನೇಹ ಮುರಿಯಿತು. ಮಕ್ಕಳನ್ನು ಒತ್ತೆಯಾಗಿ ಕಳಿಸೆಂದು ದೊರೆಯ ಜನ ಬಂದಾಗ ಅವನ ಹೆಂಡತಿ ಮೆಟಿಲ್ಡಾ, ಸ್ವಂತ ಅಣ್ಣನ ಮಗ ಆರ್ಥರ್‌ನನ್ನೇ ಕೊಂದವನ ಕೈಗೆ ನನ್ನ ಮಕ್ಕಳನ್ನು ಕೊಡಲಾರೆ ಎಂದಳೆಂದು ಆ ಕಾಲದ ಚರಿತ್ರೆಕಾರ ವೆಂಡೋವರ್‌ನ ರೋಜರ್ ಬರೆದಿದ್ದಾನೆ. ಆ ಕುಟುಂಬ ಐರ್ಲೆಂಡಿಗೆ ಓಡಿತು, ಜಾನ್ ಸೈನ್ಯ ಕಟ್ಟಿಕೊಂಡು ಬೆನ್ನಟ್ಟಿದ. ಸಿಕ್ಕಿಬಿದ್ದ ಮೆಟಿಲ್ಡಾ 40,000 ಮಾರ್ಕ್ ಕೊಡುವುದಾಗಿ ಹೇಳಿದಳು. ಅಷ್ಟು ಹಣ ಎಲ್ಲಿಂದ ತಂದಾಳು? 1210ರಲ್ಲಿ ತಾಯಿಯನ್ನೂ ಹಿರಿಯ ಮಗನನ್ನೂ ಸೆರೆಯಲ್ಲಿಟ್ಟು ಅನ್ನನೀರಿಲ್ಲದೆ ಸಾಯಿಸಿದರು. ಆಮೇಲೆ ಜಾನ್ ಹೊರಡಿಸಿದ ಸಮಜಾಯಿಷಿ ಪತ್ರದಲ್ಲಿ, ತಾನು ನಡೆದುಕೊಂಡದ್ದು ರಾಜ್ಯದ ರೂಢಿ ಮತ್ತು ಬೊಕ್ಕಸದ ಕಾನೂನಿನಂತೆಯೇ ಎಂದು ಹೇಳಿಕೊಂಡಿದ್ದಾನೆ. ಬಾಕಿದಾರರಾಗಿದ್ದ ಪ್ರತಿಯೊಬ್ಬ ಸರದಾರನೂ ನಾಳೆ ತನ್ನ ಮನೆಗೂ ಇದೇ ಗತಿ ಎಂದು ನಡುಗಿದ್ದರೆ ಆಶ್ಚರ್ಯವಿಲ್ಲ. ಈ ದಂಪತಿಯ ಇನ್ನೊಬ್ಬ ಮಗ, ಹೆರೆಫರ್ಡ್‌ನ ಬಿಷಪ್ ಜೈಲ್ಸ್, 1215ರಲ್ಲಿ ದಂಗೆಕೋರರ ಜೊತೆ ನಿಂತ.

ಪೋಪರ ಜೊತೆಗಿನ ಜಗಳ ನಿಮ್ಮ ಲೇಖನದಲ್ಲಿ ಬಂದಿದೆ, ಅದನ್ನು ಮತ್ತೆ ಹೇಳುವುದಿಲ್ಲ. ಆದರೆ 1214ರ ಜುಲೈ 27ರಂದು ಈಗಿನ ಫ್ರಾನ್ಸಿನ ಬುವಿನ್‌ನಲ್ಲಿ ಫಿಲಿಪ್‌ನ ಸೈನ್ಯದೊಡನೆ ನಡೆದ ಕಾಳಗವನ್ನು ಬಿಟ್ಟದ್ದು ದೊಡ್ಡ ಲೋಪ. ಹತ್ತು ವರ್ಷ ಹಿಂಡಿ ಕೂಡಿಟ್ಟ ಹಣವನ್ನೆಲ್ಲ ಜಾನ್ ಸುರಿದದ್ದು ಆ ವರ್ಷದ ದಂಡಯಾತ್ರೆಗೆ. ಬುವಿನ್‌ನಲ್ಲಿ ಅವನ ಮಿತ್ರಪಡೆ ನುಚ್ಚುನೂರಾಯಿತು. ಬರಿಗೈಯಲ್ಲಿ ಮರಳಿದವನು ದಂಡಿಗೆ ಬಾರದವರಿಂದ ಸ್ಕೂಟೇಜ್ ಕೇಳಿದ, ಉತ್ತರದ ಸರದಾರರು ಕೊಡುವುದಿಲ್ಲ ಎಂದುಬಿಟ್ಟರು. ಗೆದ್ದು ಬಂದಿದ್ದರೆ ಅವರು ಹಲ್ಲು ಕಚ್ಚಿ ತೆರುತ್ತಿದ್ದರೆಂದೇ ನನ್ನ ಎಣಿಕೆ. 1215ರ ಮೇ 17ಕ್ಕೆ ಲಂಡನ್ ದಂಗೆಕೋರರ ಕೈಸೇರಿತು, ಜೂನ್ 15ಕ್ಕೆ ರನ್ನಿಮೀಡ್ ಹುಲ್ಲುಗಾವಲಿನಲ್ಲಿ ಜಾನ್ ಸನದಿಗೆ ಒಪ್ಪಿದ.

ಆ ಸನದನ್ನು ಮೊದಲಿನಿಂದ ಓದಿಕೊಂಡು ಹೋಗಿ. ಚರ್ಚಿನ ಸ್ವಾತಂತ್ರ್ಯದ ಮಾತು ಮುಗಿದೊಡನೆ ಎರಡನೇ ಕಲಮಿನಲ್ಲೇ ವಾರಸುದಾರಿಕೆಯ ಕಾಣಿಕೆ 100 ಪೌಂಡು ಎಂದು ನಿಗದಿಯಾಗುತ್ತದೆ. ಎಂಟನೆಯದು ವಿಧವೆಯನ್ನು ಬಲವಂತವಾಗಿ ಮದುವೆ ಮಾಡಿಸಬಾರದು ಎನ್ನುತ್ತದೆ. ಹನ್ನೆರಡನೆಯದು ರಾಜ್ಯದ ಒಪ್ಪಿಗೆಯಿಲ್ಲದೆ ಸ್ಕೂಟೇಜ್ ಕೂಡದು ಎನ್ನುತ್ತದೆ. ಎಲ್ಲರೂ ಉದ್ಧರಿಸುವ 39ನೆಯ ಕಲಮು, ಕಾನೂನುಬದ್ಧ ತೀರ್ಪಿಲ್ಲದೆ ಸೆರೆಗೆ ಹಾಕಬಾರದು ಎಂಬುದು, ಬಹಳ ಕೆಳಗೆ ಬರುತ್ತದೆ. ಅದೂ ‘ಸ್ವತಂತ್ರ’ರಾದವರಿಗೆ ಮಾತ್ರ, ಒಡೆಯನ ಭೂಮಿಗೆ ಕಟ್ಟುಬಿದ್ದಿದ್ದ ಲಕ್ಷಾಂತರ ರೈತರಿಗಲ್ಲ. ಹೀಗೆಂದ ಮಾತ್ರಕ್ಕೆ ನಾನು ಅದನ್ನು ಹಗುರ ಮಾಡುತ್ತಿಲ್ಲ. ದೊರೆಯೂ ಕಾನೂನಿಗೆ ಬದ್ಧ ಎಂದು ಬರವಣಿಗೆಯಲ್ಲಿ ಇಳಿದದ್ದು ದೊಡ್ಡ ಸಂಗತಿಯೇ. ಬಾಕಿ ಲೆಕ್ಕದ ಜಗಳದಲ್ಲಿ ಅಂಥ ಮಾತು ಹುಟ್ಟಿತೆಂದು ತಿಳಿದರೆ ಮಕ್ಕಳಿಗೆ ಇತಿಹಾಸ ಇನ್ನಷ್ಟು ಹತ್ತಿರವಾಗುತ್ತದೆ.

‘1215ರಲ್ಲಿ ಪ್ರಜಾಪ್ರಭುತ್ವ ಹುಟ್ಟಿತು’ ಎಂಬ ಸಾಲನ್ನಂತೂ ದಯವಿಟ್ಟು ತಿದ್ದುಪಡಿ ಹಾಕಿ ಸರಿಪಡಿಸಿ. ಆ ವರ್ಷದ ಆಗಸ್ಟ್ 24ಕ್ಕೇ ಪೋಪ್ ಮೂರನೇ ಇನೊಸೆಂಟ್ ಸನದನ್ನು ರದ್ದು ಮಾಡಿದರು, ದೇಶ ಅಂತರ್ಯುದ್ಧಕ್ಕೆ ಬಿತ್ತು. 1216ರ ಅಕ್ಟೋಬರಿನಲ್ಲಿ ಜಾನ್ ಸತ್ತ ಮೇಲೆ ಒಂಬತ್ತು ವರ್ಷದ ಮಗ ಮೂರನೇ ಹೆನ್ರಿಯ ಹೆಸರಿನಲ್ಲಿ ಸನದನ್ನು ಮತ್ತೆ ಹೊರಡಿಸಿದರು. ಆಗ ದೊರೆಯನ್ನು ಹದ್ದಿನಲ್ಲಿಡಬೇಕಿದ್ದ 25 ಮಂದಿಯ ಕಲಮು ಬಿದ್ದುಹೋಯಿತು. 100 ಪೌಂಡಿನ ಕಲಮು ಉಳಿಯಿತು. ಮುಂದೆ ಶಾಶ್ವತವಾಗಿ ನಿಂತ 1225ರ ಪ್ರತಿಯನ್ನು ಹೆನ್ರಿ ಕೊಟ್ಟದ್ದು ಸರದಾರರೂ ಪ್ರಜೆಗಳೂ ತಮ್ಮ ಚರ ಸೊತ್ತಿನ ಹದಿನೈದನೇ ಒಂದು ಪಾಲನ್ನು ತೆರಿಗೆಯಾಗಿ ಕೊಡಲು ಒಪ್ಪಿದ ಮೇಲೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಉಪನ್ಯಾಸಕಿ
ಧಾರವಾಡ