ದುಃಖವೆಂದು ಬರೆಯದೆ ದುಃಖ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನ ಕತೆ ಓದಿದೆ. ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಗಳು ಊರಿನ ಮನೆಯ ಬೀಗ ತೆಗೆಯುವವರೆಗೂ ಚೆನ್ನಾಗಿದೆ. ಅಲ್ಲಿಂದಾಚೆ ಪುಟದ ತುಂಬ ‘ಹೇಳಲಾಗದ ದುಃಖ’, ‘ಮಾತಿಗೆ ನಿಲುಕದ ಶೂನ್ಯ’. ಹೇಳಲಾಗದಿದ್ದರೆ ಬರೆದದ್ದೇಕೆ ಎಂದು ಓದುಗರು ಕೇಳುತ್ತಾರೆ. ನಾನು ಅಪ್ಪನಾದ್ದರಿಂದ ಮೆತ್ತಗೆ ಕೇಳುತ್ತಿದ್ದೇನೆ.

ಇದು ಬಹಳ ಹಳೆಯ ತಕರಾರು. ‘ಶೃಂಗಾರ’ ಎಂಬ ಪದವೊಂದೇ ಇದ್ದರೆ ಕಾವ್ಯದಲ್ಲಿ ರಸ, ಅಂದರೆ ಓದುವವರು ಸವಿಯುವ ಭಾವ, ಹುಟ್ಟುವುದಿಲ್ಲ ಎಂದು 9ನೆಯ ಶತಮಾನದಲ್ಲೇ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಹೇಳಿದ್ದ. ಮುಂದೆ ಅದೇ ಪರಂಪರೆಯ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ ಪಟ್ಟಿಯನ್ನು ತೊಡಗುವುದೇ ಭಾವವನ್ನು ಅದರ ಹೆಸರಿನಿಂದ ಹೇಳಿಬಿಡುವ ದೋಷದಿಂದ.

ಹಾಗಾದರೆ ಏನು ಬರೆಯಬೇಕು? ವಿಭಾವ (ಭಾವವನ್ನು ಎಬ್ಬಿಸುವ ವಸ್ತು), ಅನುಭಾವ (ಅದು ಹೊರಗೆ ತೋರುವ ಬಗೆ), ವ್ಯಭಿಚಾರಿಭಾವಗಳು (ನಡುವೆ ಬಂದುಹೋಗುವ ಭಾವಗಳು) ಸೇರಿ ರಸವಾಗುತ್ತದೆ ಎಂಬ, ನಾಟ್ಯಶಾಸ್ತ್ರದ ಭರತನ ಸೂತ್ರವನ್ನು ನೀನು ಪರೀಕ್ಷೆಗೆಂದು ಉರುಹೊಡೆದಿದ್ದೀಯೆ. ಅದನ್ನು ಕೈಯಲ್ಲಿ ಹಿಡಿದು ಬರೆಯಲು ಕೂತು ನೋಡು. ಯಾವ ವಸ್ತು ಅವಳನ್ನು ಕಲಕಿತು? ಅವಳ ಮೈಯಲ್ಲಿ ಏನಾಯಿತು? ಮೈಯಲ್ಲಿ ತಾನಾಗಿ ತೋರುವ ಸಾತ್ವಿಕ ಭಾವಗಳು ಎಂಟು. ನೀನು ಕಣ್ಣೀರೊಂದನ್ನೇ ದುಡಿಸಿಕೊಂಡಿದ್ದೀಯೆ. ಸ್ವರ ಒಡೆಯುವುದು, ಬೆವರು, ನಡುಕ, ಮರಗಟ್ಟಿ ನಿಲ್ಲುವುದು ಎಲ್ಲಿ ಹೋದವು? ಇನ್ನು ಬಂದುಹೋಗುವ ಭಾವಗಳು 33. ಕರುಣರಸದ ಜೊತೆಗೆ ಬರುವವುಗಳಲ್ಲಿ ಭರತ ಆಲಸ್ಯವನ್ನೂ ಸೇರಿಸಿದ್ದಾನೆ. ಎಂಥ ಕಣ್ಣು ನೋಡು ಅವನದು! ಸಾವಿನ ಮನೆಯಲ್ಲಿ ಲೋಟ ತೊಳೆಯಲೂ ಬೇಸರವಾಗಿ ಕೂತವರನ್ನು ನಾವೆಲ್ಲ ಕಂಡಿದ್ದೇವೆ, ಕತೆಗೆ ಮಾತ್ರ ಕರೆತರುವುದಿಲ್ಲ.

ವಾಸನೆಯ ವಿಷಯಕ್ಕೆ ಬರುತ್ತೇನೆ. ‘ಹಳೆಯ ನೆನಪುಗಳ ಪರಿಮಳ’ ಎಂದು ಬರೆದಿದ್ದೀಯೆ. ಅದು ಯಾರ ಮೂಗಿಗೂ ತಾಗುವುದಿಲ್ಲ. ಕಣ್ಣು, ಕಿವಿಗಳ ಸುದ್ದಿ ಮಿದುಳಿನಲ್ಲಿ ಥಲಾಮಸ್ ಎಂಬ ಠಾಣೆಯನ್ನು ಹಾದು ಮುಂದಕ್ಕೆ ಹೋಗುತ್ತದೆ. ವಾಸನೆ ಆ ಠಾಣೆಯಲ್ಲಿ ನಿಲ್ಲದೆಯೇ ಭಾವ, ನೆನಪುಗಳ ಭಾಗವನ್ನು ಮುಟ್ಟುತ್ತದೆ. ಕಾಗದದ ಮೇಲೆ ಆ ಅನುಕೂಲವಿಲ್ಲ. ಅಲ್ಲಿ ವಾಸನೆಯನ್ನು ಹೊಗಳಿದರೆ ಸಾಲದು, ಅದು ಎಲ್ಲಿಂದ ಬಂತೆಂದು ತೋರಿಸಬೇಕು: ಟ್ರಂಕಿನ ಸೀರೆಗಳ ನಡುವಿನ ನುಸಿಗುಳಿಗೆ, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯ ಕಮಟು, ಮಂಡಿಗೆ ಹಚ್ಚುತ್ತಿದ್ದ ಮಹಾನಾರಾಯಣ ತೈಲ. ಮೂರನ್ನೂ ತುರುಕಬೇಡ. ನಾನಾದರೆ ತೈಲವನ್ನು ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಅಜ್ಜಿಯ ನೋವೂ ಇದೆ.

ಮೌನವೂ ಅಷ್ಟೇ. ‘ಮನೆ ನಿಶ್ಶಬ್ದವಾಗಿತ್ತು’ ಎಂಬ ಸಾಲನ್ನು ಹೊಡೆದುಹಾಕು. ಪಕ್ಕದ ಮನೆಯ ಕುಕ್ಕರಿನ ಸೀಟಿಗಳನ್ನು ಆ ಹುಡುಗಿ ತನಗರಿವಿಲ್ಲದೆ ಎಣಿಸತೊಡಗಲಿ. ಮನೆ ಎಷ್ಟು ಖಾಲಿಯಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದ್ದಕ್ಕೆ ಭಾವದ ಹೆಸರನ್ನೇ ಎತ್ತಬಾರದೆಂದು ಹಠ ಹಿಡಿಯಬೇಡ. ಸಂಚಾರಿ ಭಾವಗಳನ್ನು, ಅಂದರೆ ಆ ಬಂದುಹೋಗುವ ಭಾವಗಳನ್ನು, ಕೆಲವೆಡೆ ಹೆಸರಿಟ್ಟು ಹೇಳಿದರೂ ದೋಷವಲ್ಲ ಎಂದು ಮಮ್ಮಟನೇ ರಿಯಾಯಿತಿ ಕೊಟ್ಟಿದ್ದಾನೆ. ನಾಚಿಕೆ, ಬೇಸರ, ಅಸೂಯೆಗಳನ್ನು ಬೇಕಾದಲ್ಲಿ ನೇರವಾಗಿಯೇ ಬರೆ. ದುಃಖದ ಹೆಸರನ್ನು ಮಾತ್ರ ಎತ್ತಬೇಡ.

ತಿದ್ದಿದ ಮೇಲೆ ಮತ್ತೆ ಕಳುಹಿಸು. ಅಮ್ಮನಿಗೆ ಇನ್ನೂ ತೋರಿಸಿಲ್ಲ. ಅಜ್ಜಿಯ ಮೂಗುತಿ ಇದ್ದದ್ದು ಬಲಕ್ಕೆ ಎಂದು ಅವಳು ಮೊದಲ ಪುಟದಲ್ಲೇ ಜಗಳ ತೆಗೆಯುತ್ತಾಳೆ.

ನಿನ್ನ
ಅಪ್ಪ