ಟಿಸಿಯಿಂದ ಈಚೆಗೆ ನೋಡುವವರು ಯಾರು? ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು.

2025ರ ಫೆಬ್ರವರಿಯಿಂದ ಬೆಸ್ಕಾಂ ವ್ಯಾಪ್ತಿಯಲ್ಲಿ ಹೊಸ ಸಂಪರ್ಕಕ್ಕೆ ಸ್ಮಾರ್ಟ್ ಮೀಟರ್ ಕಡ್ಡಾಯವಾಯಿತು. ಸಿಂಗಲ್ ಫೇಸ್ ಮೀಟರಿಗೆ ಆಗ ಹೆಚ್ಚುಕಡಿಮೆ ಐದು ಸಾವಿರ ರೂಪಾಯಿ. ಆ ದರದ ಜಗಳ ವಿಧಾನಸಭೆಗೂ ಹೋಯಿತು, ಹೈಕೋರ್ಟಿಗೂ ಹೋಯಿತು. ನಾನು ಅದನ್ನು ಮತ್ತೆ ಎಳೆಯುವುದಿಲ್ಲ. ಇಷ್ಟು ಕೊಟ್ಟು ಹಾಕಿಸಿಕೊಂಡ ಮೀಟರ್ ಬಿಲ್ಲು ಕಳಿಸುವುದರ ಹೊರತು ನಮಗಾಗಿ ಇನ್ನೇನು ಮಾಡುತ್ತದೆ ಎಂಬುದು ನನ್ನ ಪ್ರಶ್ನೆ.

ಊರಿಗೆ ಕರೆಂಟು ತರುವ 11 ಕೆವಿ ಫೀಡರ್ ಲೈನು ಟ್ರಿಪ್ ಆಗಿ ನಿಂತರೆ ಸಬ್‌ಸ್ಟೇಷನ್ನಿನಲ್ಲಿ ಕೂತವರಿಗೆ ಕೂಡಲೇ ಗೊತ್ತಾಗುತ್ತದೆ. ಟಿಸಿಯಿಂದ, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನಿಂದ, ಮನೆತನಕ ಬರುವ ಕಡಿಮೆ ವೋಲ್ಟೇಜಿನ ಎಲ್‌ಟಿ ಲೈನಿನ ಗತಿ ತಿಳಿಯಬೇಕಾದರೆ ಯಾರಾದರೂ ದೂರಿನ ಸಂಖ್ಯೆ 1912ಕ್ಕೆ ಫೋನ್ ಹಚ್ಚಬೇಕು. ನಮ್ಮೂರಲ್ಲಿ ಒಮ್ಮೆ ತೆಂಗಿನ ಗರಿ ಬಿದ್ದು, ಕರೆಂಟು ಟಿಸಿಗೆ ಮರಳುವ ನ್ಯೂಟ್ರಲ್ ತಂತಿ ತುಂಡಾಯಿತು. 230 ವೋಲ್ಟ್ ಬರಬೇಕಾದ ಕೆಲವು ಮನೆಗಳಿಗೆ 400ರ ಹತ್ತಿರ ನುಗ್ಗಿತು. ಬಲ್ಬುಗಳು ಝಗ್ಗೆಂದು ಬೆಳಗಿ ಆರಿದವು, ಟಿವಿ, ಫ್ರಿಜ್ಜು ಹೊಗೆಯಾಡಿದವು. ಆಮೇಲೆ ಟಿಸಿ ಹತ್ತಿರ ಹೋಗಿ ನೋಡಿದರೆ ಪೆಟ್ಟಿಗೆಗೆ ಬಾಗಿಲೇ ಇಲ್ಲ, ಫ್ಯೂಸ್ ಇರಬೇಕಾದ ಕಡೆ ದಪ್ಪ ಅಲ್ಯೂಮಿನಿಯಂ ತಂತಿ ಸುತ್ತಿದೆ. ಪವರ್‌ಮ್ಯಾನ್‌ ಮೇಲೆ ರೇಗಿ ಪ್ರಯೋಜನವಿಲ್ಲ. ಸ್ಟೋರಿನಲ್ಲಿ ಅವರಿಗೆ ಫ್ಯೂಸ್ ಸಿಗುತ್ತದೋ ಇಲ್ಲವೋ, ಊರಿನಲ್ಲಿ ಬೈಗುಳವಂತೂ ಸಿಕ್ಕೇ ಸಿಗುತ್ತದೆ.

2023ರ ನವೆಂಬರ್ 19ರ ನಸುಕಿನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ, ಫುಟ್‌ಪಾತ್ ಮೇಲೆ ಹರಿದು ಬಿದ್ದಿದ್ದ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ತೀರಿಕೊಂಡರು. ಐಟಿ ಕಂಪನಿಗಳ ಮಗ್ಗುಲಲ್ಲೇ ನಡೆದದ್ದು ಇದು. ಆ ದಿನದ ತಪ್ಪಿನ ಲೆಕ್ಕ ತನಿಖೆಗೆ ಸೇರಿದ್ದು. ಆದರೆ ಒಂದು ಮಾತು ನಿಮ್ಮ ಇಲಾಖೆಯ ಎಂಜಿನಿಯರುಗಳೆಲ್ಲರಿಗೂ ಗೊತ್ತು: ಒಣನೆಲ, ಜಲ್ಲಿ, ಡಾಂಬರಿನ ಮೇಲೆ ಬಿದ್ದ ತಂತಿಯಿಂದ ಭೂಮಿಗಿಳಿಯುವ ಕರೆಂಟು ತೀರಾ ಕಡಿಮೆ. ದೋಷ ಕಂಡರೆ ಲೈನನ್ನು ಕಡಿಯಬೇಕಾದ ಬ್ರೇಕರ್‌ಗೆ ಅದೊಂದು ಸಣ್ಣ ಲೋಡಿನಂತೆ ಕಾಣುತ್ತದೆ, ಟ್ರಿಪ್ ಆಗುವುದಿಲ್ಲ. ತಂತಿ ಜೀವಂತವಾಗಿಯೇ ಬಿದ್ದಿರುತ್ತದೆ. ಹೊದಿಕೆಯಿಲ್ಲದ ಬರಿ ತಂತಿ ಇರುವವರೆಗೂ ಈ ಅಪಾಯ ತಪ್ಪಿದ್ದಲ್ಲ. ಜನವಸತಿಯೊಳಗೆ ಹೊದಿಕೆಯುಳ್ಳ ಎಬಿ ಕೇಬಲ್ಲನ್ನೋ ನೆಲದಡಿಯ ಕೇಬಲ್ಲನ್ನೋ ಎಳೆಯಲೇಬೇಕು. ಬೆಂಗಳೂರಿನಲ್ಲಿ ಆ ಕೆಲಸ ನಡೆದಿದೆ, ನಿಜ. ಹಳ್ಳಿ, ಹೋಬಳಿಗಳ ಸರದಿ ಯಾವಾಗ?

ಸ್ಮಾರ್ಟ್ ಮೀಟರಿನ ಗುಣ ನನಗೂ ಗೊತ್ತು. ಕರೆಂಟು ಹೋದ ಕ್ಷಣ ಕೊನೆಯದೊಂದು ಸಂದೇಶ ಕಳಿಸಿ ಆರುವಂಥ ಮೀಟರುಗಳಿವೆ, ವೋಲ್ಟೇಜ್ ಏರಿಳಿದರೆ ಅದನ್ನೂ ದಾಖಲಿಸುತ್ತವೆ. ಒಂದೇ ಟಿಸಿಯ ಹತ್ತು ಮನೆಗಳಲ್ಲಿ ವೋಲ್ಟೇಜ್ ಒಮ್ಮೆಗೇ ಹುಚ್ಚುಚ್ಚಾಗಿ ಕುಣಿದರೆ ನ್ಯೂಟ್ರಲ್ ಕಡಿದಿದೆ ಎಂದು ಕಚೇರಿಯಲ್ಲಿ ಕೂತೇ ಅಂದಾಜಿಸಬಹುದು. ಆದರೆ ಯಾವ ಮೀಟರ್ ಯಾವ ಟಿಸಿಗೆ, ಯಾವ ಫೇಸಿಗೆ ಸೇರಿದ್ದು ಎಂಬ ಪಟ್ಟಿ ಸರಿಯಿರಬೇಕು, ಆ ಸಂದೇಶ ಸೆಕ್ಷನ್ ಆಫೀಸಿನ ಜೂನಿಯರ್ ಎಂಜಿನಿಯರ್ ಮೊಬೈಲಿಗೆ ಬರಬೇಕು. ಬರೀ ಬಿಲ್ಲಿಂಗ್ ವಿಭಾಗದ ಕಂಪ್ಯೂಟರಿಗೆ ಬಂದರೆ ಬಾಕಿ ವಸೂಲಿಗಷ್ಟೇ ಅದು ಚುರುಕು.

1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದ ನಾಡು ನಮ್ಮದು. ಪಾವಗಡದಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ನಿಲ್ಲಿಸಿದ್ದೇವೆ. ಟಿಸಿ ಪೆಟ್ಟಿಗೆಗೊಂದು ಬಾಗಿಲು ನಮಗೆ ಭಾರವೇ?

ಬೆಸ್ಕಾಂನಂಥ ವಿದ್ಯುತ್ ವಿತರಣಾ ಕಂಪನಿಗಳು, ಅಂದರೆ ಎಸ್ಕಾಂಗಳು, ದರ ಏರಿಕೆಯ ಅರ್ಜಿ ಹಿಡಿದು ದರ ನಿಗದಿ ಮಾಡುವ ಆಯೋಗವಾದ ಕೆಇಆರ್‌ಸಿ ಮುಂದೆ ಬರುತ್ತವಲ್ಲ, ಮುಂದಿನ ಅರ್ಜಿಯ ಜೊತೆ ಸೆಕ್ಷನ್‌ವಾರು ಒಂದು ಪಟ್ಟಿ ಲಗತ್ತಿಸಲು ಹೇಳಿ: ಎಷ್ಟು ಕಿಲೋಮೀಟರ್ ಬರಿ ತಂತಿ ಬದಲಾಯಿತು, ಎಷ್ಟು ಟಿಸಿಗಳಿಗೆ ಅರ್ಥಿಂಗ್ ಸರಿಯಿದೆ, ಪವರ್‌ಮ್ಯಾನ್ ಹುದ್ದೆಗಳಲ್ಲಿ ಖಾಲಿ ಎಷ್ಟು. ಅದು ಕನ್ನಡದಲ್ಲಿರಲಿ. ಸಾರ್ವಜನಿಕ ವಿಚಾರಣೆಯ ದಿನ ನಮ್ಮೂರಿನ ಸಾಲನ್ನು ಓದಿ ಹೇಳಲು ನಾನು ಬರುತ್ತೇನೆ.

ಇಂತಿ,
ಹಳ್ಳಿಯ ಒಬ್ಬ ಗ್ರಾಹಕ