ಅಸ್ತವ್ಯಸ್ತಕ್ಕೆ ಮಹಾಪ್ರಾಣ ಬೇಡ

ಮಾನ್ಯರೇ,

ಮಳೆಗಾಲ ಬಂತೆಂದರೆ ಪತ್ರಿಕೆಗಳಲ್ಲಿ ‘ಜನಜೀವನ ಅಸ್ಥವ್ಯಸ್ಥ’ ಎಂಬ ಶೀರ್ಷಿಕೆಯೂ ಬರುತ್ತದೆ. ಕೆಲವೊಮ್ಮೆ ಮೊದಲ ಒತ್ತು ಸರಿಯಿದ್ದು, ಕೊನೆಯದು ಮಾತ್ರ ಕೆಟ್ಟು ‘ಅಸ್ತವ್ಯಸ್ಥ’ ಆಗಿರುತ್ತದೆ. ಎರಡೂ ಕಡೆ ಸಕಾರಕ್ಕೆ ತ-ಒತ್ತೇ ಬರಬೇಕು: ಅಸ್ತವ್ಯಸ್ತ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ಕೀಲಿಮಣೆಯಲ್ಲಿ ‘ತ’ಕ್ಕೆ ಒಂದೇ ಕೀಲಿ, ‘ಥ’ಕ್ಕೆ ಶಿಫ್ಟ್ ಕೂಡ ಒತ್ತಬೇಕು. ಹಾಗಾಗಿ ಇದು ಬೆರಳು ಜಾರಿ ಆದ ತಪ್ಪಲ್ಲ, ಇದೇ ಸರಿ ಎಂದುಕೊಂಡು ಬರೆದದ್ದು.

ಹಾಗೆ ಅಂದುಕೊಳ್ಳಲು ಕಾರಣವೂ ಇದೆ. ವ್ಯವಸ್ಥೆ, ಅವ್ಯವಸ್ಥೆ, ಅಸ್ವಸ್ಥ ಎಲ್ಲವೂ ‘ಸ್ಥಾ’ ಧಾತುವಿನವು. ನಿಲ್ಲು ಎಂಬ ಅರ್ಥದ ಆ ಧಾತುವಿಗೆ ಮಹಾಪ್ರಾಣ ಬೇಕೇ ಬೇಕು. ಅಸ್ತವ್ಯಸ್ತದ್ದು ‘ಅಸ್’ ಧಾತು, ಎಸೆ ಎಂದರ್ಥ. ಅಸ್ತ ಎಂದರೆ ಎಸೆದದ್ದು. ‘ವಿ’ ಸೇರಿ ವ್ಯಸ್ತವಾದರೆ ದಿಕ್ಕಾಪಾಲಾಗಿ ಚದುರಿದ್ದು. ಅದೇ ಅಸ್ತಕ್ಕೆ ‘ಸಂ’ ಸೇರಿದರೆ ಸಮಸ್ತ, ಒಟ್ಟುಗೂಡಿದ್ದು. ಸಮಾಸ, ವಿನ್ಯಾಸ, ಅಭ್ಯಾಸ, ಸಂನ್ಯಾಸ ಇದೇ ಮನೆಯವು. ವೇದಗಳನ್ನು ವಿಂಗಡಿಸಿದ ವ್ಯಾಸರ ಹೆಸರೂ ಅಷ್ಟೇ. ಸಮಸ್ತವನ್ನು ಯಾರೂ ‘ಸಮಸ್ಥ’ ಎಂದು ಬರೆಯುವುದಿಲ್ಲವಲ್ಲ, ಅನುಮಾನ ಬಂದಾಗ ಅದನ್ನು ನೆನೆದುಕೊಂಡರೆ ಸಾಕು. (ಸೂರ್ಯಾಸ್ತದ ‘ಅಸ್ತ’ ಬೇರೆಯೇ ಪದ. ವೇದದ ಭಾಷೆಯಲ್ಲಿ ಅದಕ್ಕೆ ಮನೆ ಎಂಬ ಅರ್ಥವಿದೆ.)

ಅಸ್ತವ್ಯಸ್ತ ಎಂಬುದು ಗುಣವಾಚಕ. ‘ಕಡತಗಳು ಅಸ್ತವ್ಯಸ್ತವಾಗಿವೆ’, ‘ಅಸ್ತವ್ಯಸ್ತಗೊಂಡ ಸಂಚಾರ’ ಸರಿ. ‘ನಗರದಲ್ಲಿ ಅಸ್ತವ್ಯಸ್ತ ಉಂಟಾಯಿತು’ ಎಂದರೆ ಗುಣವಾಚಕವನ್ನು ನಾಮಪದದ ಜಾಗಕ್ಕೆ ತಳ್ಳಿದಂತೆ. ಅಸ್ತವ್ಯಸ್ತತೆ ಎನ್ನಬಹುದು, ಆದರೆ ನಾಲಿಗೆ ತೊಡರುತ್ತದೆ. ಅಲ್ಲಿ ಅವ್ಯವಸ್ಥೆ ಎನ್ನುವುದೇ ಹಗುರ. ಅಂಗಳದಲ್ಲಿ ಚೀಲ ಒಡೆದು ಬಿದ್ದ ಅಡಿಕೆಗೆ ಚೆಲ್ಲಾಪಿಲ್ಲಿ ಎಂಬ ನಮ್ಮ ಮಾತೇ ಒಪ್ಪುತ್ತದೆ. ರೈಲಿನ ವೇಳಾಪಟ್ಟಿ ಮಾತ್ರ ಚೆಲ್ಲಾಪಿಲ್ಲಿಯಾಗುವುದಿಲ್ಲ, ಅಸ್ತವ್ಯಸ್ತವಾಗುತ್ತದೆ. ಅಸ್ತವ್ಯಸ್ತ ಎನ್ನಬೇಕಾದರೆ ಮೊದಲೊಂದು ಕ್ರಮವಿದ್ದು ಅದು ಕೆಟ್ಟಿರಬೇಕು.

ಹಿಂದಿಯಲ್ಲಿ ‘ವ್ಯಸ್ತ’ ಎಂದರೆ ಕೆಲಸದಲ್ಲಿ ಮುಳುಗಿದವರು. ಅನುವಾದದ ಭರದಲ್ಲಿ ‘ಅಧಿಕಾರಿಗಳು ವ್ಯಸ್ತರಾಗಿದ್ದಾರೆ’ ಎಂದು ಕನ್ನಡಕ್ಕೆ ತಂದರೆ ಪಾಪ, ಅವರೇ ಚದುರಿಹೋಗುತ್ತಾರೆ. ನಮಗೆ ಕಾರ್ಯನಿರತ ಇದೆ, ‘ಬಿಡುವಿಲ್ಲ’ ಇದೆ.

ಇನ್ನು ‘ಜನಜೀವನ ಅಸ್ತವ್ಯಸ್ತ’ ಎಂಬ ಜೋಡಿ ಸವೆದು ನುಣುಪಾಗಿದೆ. ಕಾಗುಣಿತ ತಿದ್ದಿದ ಮೇಲೂ ಅದು ಓದುಗರಿಗೆ ಏನೂ ಹೇಳುವುದಿಲ್ಲ. ಯಾವ ರಸ್ತೆಯಲ್ಲಿ ನೀರು ನಿಂತಿತು, ಎಷ್ಟು ಹೊತ್ತು ಬಸ್ಸು ಬರಲಿಲ್ಲ ಎಂಬುದನ್ನೇ ಶೀರ್ಷಿಕೆಗೆ ತನ್ನಿ.

– ಕರಡು ತಿದ್ದುವವರೊಬ್ಬರು, ಮೈಸೂರು